ಕುನ್ನಿಮರಿಗೆ ಹೆಸರಿಡುವ ಮೊದಲು ಜಗಲಿಯಲ್ಲಿ ನಿಂತು ಒಂದ್ಸಲ ಕೂಗಿ ನೋಡಿ

ಕಳೆದ ಮಳೆಗಾಲದಲ್ಲಿ ನಮ್ಮನೆಗೆ ಒಂದು ನಾಯಿಮರಿ ಬಂತು. ಬೆಂಗಳೂರಲ್ಲಿರುವ ಅಕ್ಕನ ಮಗ ಫೋನಲ್ಲೇ ಹೆಸರಿಟ್ಟುಬಿಟ್ಟ, ಹಾಚಿ ಅಂತ. 1925ರಲ್ಲಿ ಯಜಮಾನ ತೀರಿಹೋದ ಮೇಲೂ, 1935ರಲ್ಲಿ ತಾನು ಸಾಯುವ ತನಕ ಟೋಕಿಯೊದ ಶಿಬುಯಾ ರೈಲು ನಿಲ್ದಾಣದಲ್ಲಿ ಅವರಿಗಾಗಿ ಕಾದ ನಾಯಿಯ ಹೆಸರು ಅದು. ಚೆನ್ನಾಗೇ ಇದೆ. ಆದರೆ ನಮ್ಮ ತೀರ್ಥಹಳ್ಳಿ ಕಡೆ ನಾಯಿಯನ್ನು ಓಡಿಸುವುದು ಏನಂತ? 'ಹಚಾ!' ಅಂತ ಅಲ್ವಾ. ಅಜ್ಜಿ ಅಡುಗೆಮನೆ ಬಾಗಿಲಲ್ಲಿ ನಿಂತು 'ಹಚಾ' ಅಂದರೆ ಮರಿ ಬಾಲ ಅಲ್ಲಾಡಿಸುತ್ತಾ ಒಳಗೇ ಬರುತ್ತಿತ್ತು, ನಾವು ಪ್ರೀತಿಯಿಂದ 'ಹಾಚಿ' ಅಂದರೆ ಬೈದರೇನೋ ಅಂತ ಮಂಚದ ಕೆಳಗೆ ಸೇರುತ್ತಿತ್ತು. ನಾಲ್ಕೇ ದಿನಕ್ಕೆ ಹೆಸರು ಬದಲಾಯಿತು.

ಹಾಗಾಗಿ ಮೊದಲ ಕೆಲಸ ಏನಂದರೆ, ಮನೆಯಲ್ಲಿ ದಿನಾ ಆಡುವ ಮಾತುಗಳನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಬಾ, ಕೂರು, ಬೇಡ, ಹೋಗು, ಹಚಾ. ಹೆಸರು ಇವುಗಳ ಹತ್ತಿರ ಸುಳಿಯಬಾರದು. 'ಬೇಬಿ' ಅಂತ ಇಟ್ಟರೆ 'ಬೇಡ'ದ ಜೊತೆ ಗಲಿಬಿಲಿ. 'ಬಾಬು' ಅಂತ ಇಟ್ಟರೆ ನೀವು ಯಾರನ್ನು 'ಬಾ' ಅಂದರೂ ಅದು ಎದ್ದು ಬರುತ್ತದೆ, ಸಾಲದ್ದಕ್ಕೆ ಅಡಿಕೆ ಕೊಯ್ಲಿಗೆ ಬರುವವರಲ್ಲಿ ಒಬ್ಬರಾದರೂ ಬಾಬು ಇದ್ದೇ ಇರುತ್ತಾರೆ. ಆಚೆಮನೆಯವರ ಹೆಸರು, ನೆಂಟರ ಹೆಸರು ಬೇಡವೇ ಬೇಡ. ಸುಮ್ನೆ ಜಗಳಕ್ಕೆ ದಾರಿ.

ಆಮೇಲೆ ಜಗಲಿಗೆ ಬನ್ನಿ. ಇದನ್ನು ತಮಾಷೆಗೆ ಹೇಳುತ್ತಿಲ್ಲ. ಪೇಟೆಯ ಫ್ಲ್ಯಾಟಿನಲ್ಲಿ ಪಿಸುಗುಟ್ಟಿದರೂ ನಾಯಿಗೆ ಕೇಳುತ್ತದೆ, ಮಲೆನಾಡಿನಲ್ಲಿ ನಾಯಿ ತೋಟದ ಆ ತುದಿಯಲ್ಲಿ ಮುಂಗುಸಿ ಅಟ್ಟುತ್ತಿರುತ್ತದೆ, ಹಂಚಿನ ಮೇಲೆ ಆಷಾಢದ ಮಳೆ ಹೊಡೆಯುತ್ತಿರುತ್ತದೆ, ಕತ್ತಲಾಗುವುದರೊಳಗೆ ಅದು ಮನೆ ಸೇರಬೇಕು, ಇಲ್ಲದಿದ್ದರೆ ಕುರ್ಕನ, ಅಂದರೆ ಚಿರತೆಯ, ಬಾಯಿಗೆ ಬೀಳುತ್ತದೆ. ಹೆಸರು ಬೇಕಿರುವುದು ಆ ಹೊತ್ತಿಗೆ. ಎರಡು ಅಕ್ಷರ, ಹೆಚ್ಚೆಂದರೆ ಮೂರು. ಶುರುವಿನಲ್ಲಿ ಕ, ಟ, ಬ, ಜ ಥರದ ಗಟ್ಟಿ ಅಕ್ಷರ ಇದ್ದರೆ ಒಳ್ಳೆಯದು, ಕೊನೆಯಲ್ಲಿ ಎಳೆಯಲು ಬರುವ ಸ್ವರ ಇರಲಿ. ಕಾಳೂ... ಬೊಗ್ಗಾ... ಜಿಮ್ಮೀ... ನಮ್ಮ ಹಿರಿಯರು ಟೈಗರ್ ಅನ್ನು 'ಟೈಗರೂ' ಮಾಡಿಕೊಂಡದ್ದು ಇಂಗ್ಲಿಷ್ ಬಾರದೇ ಇದ್ದುದಕ್ಕೆ ಮಾತ್ರ ಅಂತ ನನಗೆ ಅನ್ನಿಸುವುದಿಲ್ಲ. ಹಾಗೆ ಎಳೆದರೇನೇ ದನಿ ತೋಟ ದಾಟುವುದು. ಆಲೆಗ್ಸಾಂಡರ್, ಪ್ರಿನ್ಸೆಸ್ ಅಂತೆಲ್ಲ ಇಟ್ಟು ನಾಲ್ಕು ಸಲ ಕೂಗಿ ನೋಡಿ, ಗಂಟಲೇ ತೀರ್ಪು ಕೊಡುತ್ತದೆ.

ಮನೆಯ ಎಲ್ಲರ ನಾಲಿಗೆಗೂ ಹೆಸರು ಹೊಂದಬೇಕು. ಝೋರೋ ಅಂತ ಇಟ್ಟರೆ ನಮ್ಮಜ್ಜಿಗೆ ಅದು 'ಜೋರು'. ಒಬ್ಬೊಬ್ಬರು ಒಂದೊಂದು ಥರ ಕರೆದರೆ ಮರಿ ಯಾವುದನ್ನೂ ಕಲಿಯುವುದಿಲ್ಲ. ಅದಕ್ಕೇ ಅಜ್ಜಿಯ ಬಾಯಲ್ಲಿ ಮೊದಲು ಹೇಳಿಸಿ, ಅವರು ಹೇಳಿದ್ದನ್ನೇ ಖಾಯಂ ಮಾಡಿ.

ಮರಿ ಬಂದ ದಿನವೇ ಹೆಸರಿಡಬೇಕು ಅಂತಿಲ್ಲ. ಎರಡು ಮೂರು ದಿನ ಅದರ ಬುದ್ಧಿ ನೋಡಿ. ಮೊದಲೇ ಒಂದು ಚಿನ್ನಿ ಇದ್ದರೆ ಮುನ್ನಿ, ಪಿನ್ನಿ ಬೇಡ, ಕರೆದಾಗ ಎರಡೂ ಬರುತ್ತವೆ, ಇಲ್ಲ ಎರಡೂ ಬರುವುದಿಲ್ಲ. ದೊಡ್ಡ ನಾಯಿಯನ್ನು ಸಾಕಲು ತಂದಿದ್ದರೆ ಹಳೇ ಹೆಸರನ್ನೇ ಉಳಿಸಿ. ಹಿಂದಿನ ಮನೆಯಲ್ಲಿ ಪೆಟ್ಟು ತಿಂದ ನಾಯಿಯಾದರೆ ಮಾತ್ರ ಹೊಸ ಹೆಸರು ಒಳ್ಳೆಯದು, ಹಳೆಯದನ್ನು ಕೇಳಿದರೇ ಮುದುರಿಕೊಳ್ಳುತ್ತದೆ ಪಾಪ.

ಬೆಕ್ಕಿನ ವಿಷಯ ಬೇರೆ. ಬೆಕ್ಕಿಗೆ ತನ್ನ ಹೆಸರು ಗೊತ್ತಾಗುತ್ತದೆ, ಅದೇ ಥರದ ಬೇರೆ ಪದಗಳಿಂದ ಅದನ್ನು ಬಿಡಿಸಿ ಗುರುತಿಸುತ್ತದೆ ಅಂತ ಜಪಾನಿನ ಸಂಶೋಧಕರು 2019ರಲ್ಲಿ ತೋರಿಸಿದ್ದಾರೆ. ಬಹುತೇಕ ಬೆಕ್ಕುಗಳು ಕಿವಿ ಆಡಿಸಿದವು, ತಲೆ ತಿರುಗಿಸಿದವು, ಎದ್ದು ಬಂದದ್ದು ಕಡಿಮೆ. ಬೆಕ್ಕು ಸಾಕಿದವರಿಗೆ ಇದು ಹೊಸ ಸುದ್ದಿಯೇನಲ್ಲ. ಮಲೆನಾಡು ಗಿಡ್ಡ ದನಗಳಿಗಂತೂ ಕೆಂಪಿ, ಕಪ್ಪಿ, ಗೌರಿ ಸಾಕು.

ಇನ್ನು ಕಲಿಸುವುದು. ಕೈಯಲ್ಲಿ ದೋಸೆ ಚೂರು ಹಿಡಿಯಿರಿ. ಹೆಸರನ್ನು ಒಂದೇ ಸಲ ಹೇಳಿ. ತಿರುಗಿ ನೋಡಿದ ತಕ್ಷಣ ಚೂರು ಕೊಡಿ. ಐದು ನಿಮಿಷ ಸಾಕು, ದಿನಕ್ಕೆ ಮೂರು ಸಲ. ಮೊದಲು ಕೋಣೆಯಲ್ಲಿ, ಆಮೇಲೆ ಅಂಗಳದಲ್ಲಿ, ಕೊನೆಗೆ ತೋಟದಲ್ಲಿ. ಒಂದೇ ಉಸಿರಿಗೆ ಹತ್ತು ಸಲ ಕರೆದರೆ ಅದಕ್ಕೆ ಹೆಸರೂ ಗಾಳಿಯ ಸದ್ದೂ ಒಂದೇ ಆಗಿಬಿಡುತ್ತದೆ. ಮುಖ್ಯವಾಗಿ, ಚಪ್ಪಲಿ ಕಚ್ಚಿದ್ದಕ್ಕೆ ಬೈಯುವಾಗ ಹೆಸರು ಹಿಡಿದು ಬೈಯಬೇಡಿ. ಆಗ 'ಬೇಡ' ಅಂದರೆ ಸಾಕು. ಬೈಸಿಕೊಳ್ಳಲು ಯಾರಾದರೂ ಓಡಿ ಬರುತ್ತಾರಾ?

ಮೂರು ತಿಂಗಳಿಗೆ ರೇಬೀಸ್ ಲಸಿಕೆ ಹಾಕಿಸುವಾಗ ಕಾರ್ಡಿನಲ್ಲಿ ಮನೆಯಲ್ಲಿ ಕರೆಯುವ ಹೆಸರನ್ನೇ ಬರೆಸಿ. ನಮ್ಮದರ ಕಾರ್ಡಿನಲ್ಲಿ 'ಬೊಗ್ಗ' ಅಂತಿದೆ. ಅಕ್ಕನ ಮಗ ವಿಡಿಯೋ ಕಾಲಿನಲ್ಲಿ ಇವತ್ತಿಗೂ 'ಹಾಚಿ' ಅನ್ನುತ್ತಾನೆ, ಬೊಗ್ಗ ಎದ್ದು ಮಂಚದ ಕೆಳಗೆ ಹೋಗುತ್ತದೆ.