ಡಿಎಂಇಗೆ ಮೊದಲು ಅವಾಸ್ಟಿನ್: ನನ್ನ ಅನುಭವ

ಡಿಎಂಇ ಅಂದರೆ ಶುಗರ್ ಕಾಯಿಲೆಯಿಂದ ಅಕ್ಷಿಪಟದ ನಡುಭಾಗ ಊದುವುದು. ಅದಾಗಿ ಪಾಂಡವಪುರ, ಮದ್ದೂರು ಕಡೆಯಿಂದ ಮೈಸೂರಿಗೆ ಬರುವವರಿಗೆ, ಕಣ್ಣೊಳಗೆ ಚುಚ್ಚುವ ಅಗ್ಗದ ಮದ್ದು ಅವಾಸ್ಟಿನ್ನಿಂದಲೇ ಶುರು ಮಾಡುತ್ತೇನೆ ಅಂದಾಗ ಜೊತೆಯ ಡಾಕ್ಟರುಗಳು ನಕ್ಕಿದ್ದರು. ಅವರ ಕೈಲಿದ್ದದ್ದು ಈ ಮದ್ದುಗಳನ್ನು ಹೋಲಿಸಿದ 2015ರ ಅಧ್ಯಯನ, ಪ್ರೋಟೋಕಾಲ್ ಟಿ. ದೃಷ್ಟಿ ಸಾಕಷ್ಟು ಕುಸಿದಿದ್ದ ಕಣ್ಣುಗಳಲ್ಲಿ ಒಂದು ವರ್ಷಕ್ಕೆ ಅದೇ ಜಾತಿಯ ದುಬಾರಿ ಮದ್ದು ಅಫ್ಲಿಬರ್ಸೆಪ್ಟ್ ದೃಷ್ಟಿ ಪಟ್ಟಿಯಲ್ಲಿ 19 ಅಕ್ಷರ ತಂದುಕೊಟ್ಟರೆ ಅವಾಸ್ಟಿನ್ ತಂದದ್ದು 12. ಸುಳ್ಳಲ್ಲ. ಆದರೆ ಸಾಲದಿದ್ದಾಗ ಮದ್ದು ಬದಲಿಸಿದರೆ ಏನಾಗುತ್ತದೆ ಅನ್ನುವುದು 2022ರ ಪ್ರೋಟೋಕಾಲ್ ಎಸಿಯಲ್ಲಿ ಬಂತು: ಎರಡು ವರ್ಷಕ್ಕೆ ಅವಾಸ್ಟಿನ್ನಿಂದ ಶುರುವಾದ ಗುಂಪೂ ಮೊದಲಿಂದಲೇ ಅಫ್ಲಿಬರ್ಸೆಪ್ಟ್ ಪಡೆದ ಗುಂಪೂ ಹೆಚ್ಚುಕಮ್ಮಿ ಸಮ. ಅವಾಸ್ಟಿನ್ ಗುಂಪಿನ ಸುಮಾರು 70% ಕಣ್ಣುಗಳಿಗೆ ಕೊನೆಗೆ ಅಫ್ಲಿಬರ್ಸೆಪ್ಟ್ ಬೇಕಾಯಿತು. ಇದನ್ನು ಮನೆಯವರಿಗೆ ಮೊದಲೇ ಹೇಳಿಬಿಡಿ, ದುಡ್ಡು ಹೊಂದಿಸುವವರು ಅವರು.

ನಮ್ಮಲ್ಲಿ ಅವಾಸ್ಟಿನ್‌ಗೆ ಎಲ್ಲಾ ಸೇರಿ ನಾಲ್ಕೈದು ಸಾವಿರ, ಅದೇ ಜಾತಿಯ ರಾನಿಬಿಜುಮಾಬ್ ಮದ್ದಿನ ತದ್ರೂಪಿ, ಅಂದರೆ ಬಯೋಸಿಮಿಲರ್‌ಗೆ ಅದರ ಎರಡು-ಮೂರು ಪಟ್ಟು. ಅವಾಸ್ಟಿನ್ 1.25 ಮಿ.ಗ್ರಾಂ, ತಿಂಗಳಿಗೊಂದರಂತೆ ಮೂರು. ಆಮೇಲೆ ಓಸಿಟಿ (ಊತದ ದಪ್ಪ ಅಳೆಯುವ ಸ್ಕ್ಯಾನ್), ಮೊದಲು ಮಾಡಿದ ಮಷೀನಿನಲ್ಲೇ. ಗಂಡಸರಿಗೆ ಸಿರಸ್ ಮಷೀನ್‌ನಲ್ಲಿ 305 ಮೈಕ್ರಾನ್ ಊತದ ಗಡಿಯಾದರೆ ಸ್ಪೆಕ್ಟ್ರಾಲಿಸ್‌ನಲ್ಲಿ 320. ಬೇರೆ ಕಡೆಯ ಸ್ಕ್ಯಾನ್ ಜೊತೆ ಹೋಲಿಸಿ ‘ಇಳಿದಿದೆ’ ಅಂದರೆ ಮೋಸ ಹೋಗುತ್ತೀರಿ. ಊತ ಹತ್ತು ಪರ್ಸೆಂಟೂ ಇಳಿಯದಿದ್ದರೆ ನಾಲ್ಕನೆಯದು ಅವಾಸ್ಟಿನ್ ಅಲ್ಲ.

ಈ ದಾರಿಯ ಅಪಾಯವೆಲ್ಲ ಸೀಸೆಯಲ್ಲಿದೆ. 4 ಮಿ.ಲೀ. ವಯಲನ್ನು ಓಟಿಯಲ್ಲೇ ಪದೇಪದೇ ಚುಚ್ಚಿ ಎಳೆದರೆ, ಒಂದು ಸೋಂಕು ಸಾಲುಸಾಲು ಕಣ್ಣು ತೆಗೆಯುತ್ತದೆ. ಲ್ಯಾಮಿನಾರ್ ಫ್ಲೋ (ಸೋಸಿದ ಗಾಳಿ) ಇರುವ ಕಡೆ ಸಿರಿಂಜುಗಳಿಗೆ ತುಂಬಿಸಿ. ಉಳಿದಂತೆ ಕ್ರಿಮಿ ಕೊಲ್ಲುವ 5% ಪೊವಿಡೋನ್ ಅಯೋಡಿನ್, ರೆಪ್ಪೆ ತಾಗದ ಸೂಜಿ, ನಿಮಗೆ ಗೊತ್ತಿದ್ದದ್ದೇ.

ನಿಜವಾಗಿ ಸೋಲುವುದು ಕಬ್ಬು ಕಡಿಯುವ ಕಾಲದಲ್ಲಿ. ಎರಡು ಇಂಜೆಕ್ಷನ್‌ಗೆ ಕಣ್ಣು ತಿಳಿಯಾಗುತ್ತದೆ, ಮೂರನೆಯದಕ್ಕೆ ಆಸಾಮಿಯೇ ಇಲ್ಲ. ಅಂಥವರನ್ನು ಮೊದಲ ಭೇಟಿಯಲ್ಲೇ ಗುರುತಿಸಲು ನಮ್ಮ ಕೌನ್ಸೆಲರ್ ಕೇಳುವ ಎರಡು ಪ್ರಶ್ನೆಗಳಿವೆ, ಅವು ನಮ್ಮಲ್ಲೇ ಇರಲಿ. ಪೊರೆ ಆಪರೇಷನ್ ಆಗಿದ್ದರೆ, ವಿಟ್ರೆಕ್ಟಮಿ (ಕಣ್ಣೊಳಗಿನ ಲೋಳೆ ತೆಗೆಯುವ ಆಪರೇಷನ್) ಆಗಿದ್ದರೆ, ಈಚೆಗೆ ಹಾರ್ಟ್ ಅಟ್ಯಾಕೋ ಲಕ್ವವೋ ಹೊಡೆದಿದ್ದರೆ ಓಜರ್ಡೆಕ್ಸ್ 0.7 ಮಿ.ಗ್ರಾಂ, ಕಣ್ಣೊಳಗೆ ಕೂರಿಸುವ ಸ್ಟೀರಾಯ್ಡ್ ಕಡ್ಡಿ. ದುಬಾರಿ, ಇಪ್ಪತ್ತು ಸಾವಿರದ ಆಸುಪಾಸು, ಆದರೆ ಮೂರ್ನಾಲ್ಕು ತಿಂಗಳು ತಡೆಯುತ್ತದೆ. ಮಸೂರದ ಹಿಂದಿನ ಕ್ಯಾಪ್ಸೂಲ್ (ತೆಳು ಚೀಲ) ಹರಿದಿದ್ದರೆ ಮುಟ್ಟಬೇಡಿ. ಕಡ್ಡಿ ಮುಂದಕ್ಕೆ ಜಾರಿ ಕಾರ್ನಿಯಾ ಹಾಳು ಮಾಡುತ್ತದೆ. ಕಣ್ಣಿನ ಪ್ರೆಶರ್ ಏರುವುದು ಎರಡನೇ ತಿಂಗಳ ಸುಮಾರಿಗೆ. ಹದಿನೈದು ದಿನಕ್ಕೆ ನೋಡಿ ‘ನಾರ್ಮಲ್’ ಬರೆದು ಕಳಿಸಿದರೆ ಏನೂ ಸಿಕ್ಕುವುದಿಲ್ಲ.

ನಡುವೆ 577 ನ್ಯಾನೋಮೀಟರ್ ಹಳದಿ ಮೈಕ್ರೋಪಲ್ಸ್ ಲೇಸರನ್ನೂ ಆಡಿಸಿ ನೋಡಿದೆವು, 5% ಡ್ಯೂಟಿ ಸೈಕಲ್, ಅಂದರೆ ನೂರರಲ್ಲಿ ಐದು ಪಾಲು ಹೊತ್ತು ಮಾತ್ರ ಲೇಸರ್ ಹೊಡೆಯುವುದು. 400 ಮೈಕ್ರಾನ್ ಒಳಗಿನ ಊತಕ್ಕೆ ನಿಧಾನವಾಗಿ ಕೆಲಸ ಮಾಡಿತು, ದಪ್ಪ ಊತಕ್ಕೆ ದಂಡ. ಅದಕ್ಕಿಂತ ಅಚ್ಚರಿ ಆದದ್ದು ಶುಗರ್ ಚೀಟಿ ಓದಿದಾಗ: ಎರಡೂ ಕಣ್ಣು ಊದಿದವರ ಮಾತ್ರೆಯಲ್ಲಿ ಪಯೋಗ್ಲಿಟಜೋನ್ ಅನ್ನುವ ಶುಗರ್ ಮದ್ದಿತ್ತು, ಫಿಸಿಷಿಯನ್‌ಗೆ ಹೇಳಿ ಬದಲಿಸಿದ ಮೇಲೆ ಕೆಲವರಿಗೆ ಸೂಜಿಯೇ ಬೇಡವಾಯಿತು.

ಇನ್ನು ದೃಷ್ಟಿ 6/6 ಇದ್ದು ಓಸಿಟಿಯಲ್ಲಿ ಮಾತ್ರ ಊತ ಕಂಡವರು: 2019ರ ಪ್ರೋಟೋಕಾಲ್ ವಿ ಪ್ರಕಾರ ಕಾದು ನೋಡಿದರೂ ಎರಡು ವರ್ಷಕ್ಕೆ ನಷ್ಟವಿಲ್ಲ. ಆದರೆ ಕಾಯುವುದೆಂದರೆ ಆಗಾಗ ಬಂದು ತೋರಿಸಿಕೊಳ್ಳುವವರಿಗೆ ಮಾತ್ರ.