ಕಂದನ ಕೈಗೆ ಮೊದಲ ಪುಸ್ತಕ

ಎಂಟು ತಿಂಗಳ ಮಗುವಿನ ಕೈಗೆ ಪುಸ್ತಕ ಸಿಕ್ಕರೆ ಅದು ನೇರ ಬಾಯಿಗೆ ಹೋಗುತ್ತದೆ. ‘ಇನ್ನೂ ಓದುವ ವಯಸ್ಸಲ್ಲ, ಹರಿದುಹಾಕುತ್ತದೆ’ ಎಂದು ದೊಡ್ಡವರು ಅದನ್ನು ಕಿತ್ತುಕೊಂಡು ಕಪಾಟಿನ ಮೇಲಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ವಯಸ್ಸಿನಲ್ಲಿ ಮಗು ಏನನ್ನಾದರೂ ಅರಿಯುವುದೇ ಬಾಯಿಯಿಂದ, ಬೆರಳುಗಳಿಂದ. ಹುಟ್ಟಿದಾಗಿನಿಂದಲೇ ಮಗುವಿಗೆ ಓದಿ ಹೇಳಿ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲೇ ಸಲಹೆ ನೀಡಿದೆ.

1. ವಯಸ್ಸು ನೋಡಿ

ಹಸುಗೂಸಿಗೆ ಸ್ಪಷ್ಟವಾಗಿ ಕಾಣುವುದು 20ರಿಂದ 30 ಸೆಂ.ಮೀ. ದೂರದವರೆಗೆ ಮಾತ್ರ. ಹಾಲು ಕುಡಿಯುವಾಗ ತಾಯಿಯ ಮುಖ ಇರುವುದೂ ಅಷ್ಟೇ ದೂರದಲ್ಲಿ. ಮೊದಲ ತಿಂಗಳುಗಳಿಗೆ ಕಪ್ಪು-ಬಿಳುಪಿನ ದೊಡ್ಡ ಆಕಾರಗಳು, ಮುಖಗಳು ಇರುವ ಪುಸ್ತಕ ಸಾಕು. ನಾಲ್ಕೈದು ತಿಂಗಳಿಗೆ ಕೈ ಚಾಚಿ ಹಿಡಿಯತೊಡಗಿದಾಗ ಬಟ್ಟೆಯ ಪುಸ್ತಕ ಕೊಡಿ. ಒಗೆದು ಮತ್ತೆ ಕೊಡಬಹುದು. ಕೂರಲು ಕಲಿತ ಮೇಲೆ ದಪ್ಪ ರಟ್ಟಿನ ಪುಸ್ತಕ. ತೆಳು ಕಾಗದದ ಹಾಳೆಗಳನ್ನು ಒಂದೊಂದಾಗಿ ಮಗುಚುವ ಹದ ಬೆರಳುಗಳಿಗೆ ಬರುವುದು ಎರಡು ವರ್ಷದ ಆಸುಪಾಸಿನಲ್ಲಿ. ಅಲ್ಲಿಯವರೆಗೆ ಹಾಳೆ ಹರಿದರೆ ಅದು ತುಂಟತನವಲ್ಲ, ಗದರಬೇಡಿ.

2. ಕೈಯಲ್ಲಿ ಹಿಡಿದು ಪರೀಕ್ಷಿಸಿ

ಈ ಹೆಜ್ಜೆಯನ್ನು ಅವಸರದಲ್ಲಿ ಮುಗಿಸಬೇಡಿ. ಮೂಲೆಗಳು ದುಂಡಗಿವೆಯೇ ಎಂದು ಬೆರಳಾಡಿಸಿ ನೋಡಿ. ಪುಟ್ಟ ಕೈಗೆ ಎತ್ತಲಾಗುವಷ್ಟು ಹಗುರವಾಗಿರಲಿ. ಅಂಟಿಸಿದ ಮಣಿ, ಗುಂಡಿ, ಕಣ್ಣುಗಳನ್ನು ಎಳೆದು ನೋಡಿ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗಳನ್ನು ಪರೀಕ್ಷಿಸುವ ಕೊಳವೆಯ ಬಾಯಿ ಸುಮಾರು 3.2 ಸೆಂ.ಮೀ. ಅಗಲ, ಅದರೊಳಗೆ ಪೂರ್ತಿ ಹಿಡಿಸುವ ತುಣುಕು ಮಗುವಿನ ಗಂಟಲಲ್ಲಿ ಸಿಕ್ಕಿ ಉಸಿರುಗಟ್ಟಿಸಬಲ್ಲದು.

ಒತ್ತಿದರೆ ಸದ್ದು ಮಾಡುವ ಪುಸ್ತಕಗಳ ಬಗ್ಗೆ ನನಗೆ ಭಯವೇ ಹೆಚ್ಚು. ಅವುಗಳಲ್ಲಿ ಹಲವು ನಾಣ್ಯದಂಥ ಪುಟ್ಟ ಬ್ಯಾಟರಿಯಿಂದ ನಡೆಯುತ್ತವೆ. ಅದನ್ನು ಮಗು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು. ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಬಿಗಿದಿಲ್ಲದಿದ್ದರೆ ಆ ಪುಸ್ತಕ ಮನೆಗೆ ಬೇಡವೇ ಬೇಡ. ಇನ್ನು, ಪುಸ್ತಕವೇ ಮಾತಾಡಿದರೆ ಅಪ್ಪ ಅಮ್ಮ ಸುಮ್ಮನಾಗಿಬಿಡುತ್ತಾರೆ. ಮಗುವಿಗೆ ಬೇಕಿರುವುದು ಅವರ ದನಿ.

3. ಚಿತ್ರ

ಒಂದು ಪುಟಕ್ಕೆ ಒಂದೆರಡು ಚಿತ್ರ, ಹಿನ್ನೆಲೆ ಖಾಲಿ. ದಿನವೂ ಕಾಣುವ ಚೆಂಡು, ಬಟ್ಟಲು, ನಾಯಿ, ಇನ್ನೊಂದು ಮಗುವಿನ ಮುಖ: ಇವೇ ಮೊದಲ ವರ್ಷದ ದೊಡ್ಡ ಕಥೆಗಳು.

4. ಕೊಳ್ಳುವ ಮೊದಲು ಗಟ್ಟಿಯಾಗಿ ಓದಿ

ಎರಡು ಪುಟ ದನಿ ಎತ್ತಿ ಓದಿ. ನಾಲಿಗೆ ತೊಡರಿದರೆ, ಸಾಲು ಬೇಸರ ತಂದರೆ ಪುಸ್ತಕವನ್ನು ಕೆಳಗಿಡಿ. ಏಕೆಂದರೆ ಮಗು ಮೆಚ್ಚಿದ ಪುಸ್ತಕವನ್ನು ನೀವು ನೂರಾರು ಸಲ ಓದಬೇಕಾಗುತ್ತದೆ. ಪ್ರಾಸ, ಮರುಕಳಿಸುವ ಸಾಲು, ಪ್ರಾಣಿಗಳ ಕೂಗು ಇದ್ದರೆ ಮಗು ಮುಂದಿನ ಶಬ್ದಕ್ಕಾಗಿ ಕಾಯುತ್ತದೆ. ಒಂದು ದಿನ ನಿಮಗಿಂತ ಮೊದಲು ತಾನೇ ತೊದಲುತ್ತದೆ. ಮನೆಯಲ್ಲಿ ಆಡುವ ಮಾತಿನ ಪುಸ್ತಕವನ್ನೇ ಮೊದಲು ಆರಿಸಿ. ಬೇರೆ ಭಾಷೆಯ ಪುಸ್ತಕದ ಚಿತ್ರ ಚೆನ್ನಾಗಿದ್ದರೆ ಸಾಲುಗಳನ್ನು ಬಿಟ್ಟು ನಿಮ್ಮ ಮಾತಿನಲ್ಲೇ ಹೇಳಿ.

5. ತೊಡೆಯ ಮೇಲೆ ಕೂರಿಸಿ ಓದಿ

ಪುಸ್ತಕ ಮುಗಿಸಲೇಬೇಕೆಂಬ ಹಟ ಬೇಡ. ಮಗು ನಾಯಿಯ ಪುಟದಲ್ಲೇ ನಿಂತರೆ ನೀವೂ ಅಲ್ಲೇ ನಿಲ್ಲಿ. ಅದು ಬೆರಳಿಟ್ಟ ಚಿತ್ರದ ಹೆಸರು ಹೇಳಿ, ತುಸು ಕಾಯಿರಿ, ಅದರ ‘ಬಾ’, ‘ದಾ’ಗೆ ಉತ್ತರ ಕೊಡಿ. ಎರಡು ನಿಮಿಷಕ್ಕೆ ಕೆಳಗಿಳಿದು ಹೊರಟರೆ ಹೋಗಲಿ.

6. ಕೈಗೆಟುಕುವಂತೆ ಇಡಿ

ನಾಲ್ಕೈದು ಪುಸ್ತಕಗಳನ್ನು ನೆಲದ ಮಟ್ಟದಲ್ಲಿ, ಮುಖಪುಟ ಕಾಣುವಂತೆ ಜೋಡಿಸಿ. ಜೊಲ್ಲು ತಾಗಿದ ರಟ್ಟನ್ನು ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿದರೆ ಆಯಿತು. ಕಚ್ಚಿ ಕಚ್ಚಿ ಅಂಚಿನ ಪದರ ಬಿಟ್ಟು, ಚೂರುಗಳು ಕಿತ್ತು ಬರತೊಡಗಿದಾಗ ಆ ಪುಸ್ತಕವನ್ನು ತೆಗೆದಿಡಿ. ಮಗುವಿಗೆ ಅದೇ ಬೇಕಾದರೆ ಅದರದೇ ಹೊಸ ಪ್ರತಿ ತನ್ನಿ.