ಯೋಜನಾ ಅನುಮತಿ ನಿರಾಕರಣೆಯ ವಿರುದ್ಧ ಮೇಲ್ಮನವಿ: ನನ್ನ ಅನುಭವ

ಇಂಗ್ಲೆಂಡಿನ ಒಂದು ಸಣ್ಣ ಪಟ್ಟಣದಲ್ಲಿ, ಆರು ಅಂಗಡಿಗಳ ಸಾಲಿನ ತುದಿಯಲ್ಲಿದ್ದ, ಎರಡು ವರ್ಷಗಳಿಂದ ಬಾಗಿಲು ಮುಚ್ಚಿದ್ದ ಲಾಂಡ್ರೆಟ್ (ಜನ ದುಡ್ಡು ಕೊಟ್ಟು ಯಂತ್ರಗಳಲ್ಲಿ ಬಟ್ಟೆ ಒಗೆದುಕೊಳ್ಳುವ ಅಂಗಡಿ) ಒಂದನ್ನು ನಲವತ್ತು ಜನ ಕೂತು ಊಟ ಮಾಡಬಹುದಾದ ರೆಸ್ಟೋರೆಂಟ್ ಮಾಡಬೇಕೆಂದು 2022ರಲ್ಲಿ ನಾನು ಸ್ಥಳೀಯ ಕೌನ್ಸಿಲ್‌ಗೆ ಯೋಜನಾ ಅನುಮತಿಯ, ಅಂದರೆ ಕಟ್ಟಡ ಕಟ್ಟಲು ಅಥವಾ ಅದರ ಬಳಕೆ ಬದಲಿಸಲು ಬೇಕಾದ ಅನುಮತಿಯ, ಅರ್ಜಿ ಹಾಕಿದೆ. ಆಗಿನ ಶುಲ್ಕ 462 ಪೌಂಡ್. ಇಂಥ ಸಣ್ಣ ಅರ್ಜಿಗೆ ಎಂಟು ವಾರಗಳೊಳಗೆ ಉತ್ತರ ಕೊಡಬೇಕೆಂಬುದು ನಿಯಮ. ಎಂಟನೆಯ ವಾರದ ಶುಕ್ರವಾರ ಸಂಜೆ ನಿರಾಕರಣೆಯ ಪತ್ರ ಬಂತು. ಆ ಪತ್ರದಿಂದ ಮೇಲ್ಮನವಿಯ ತೀರ್ಪಿನವರೆಗೆ ನಡೆದದ್ದನ್ನು, ಅದೇ ದಾರಿಯಲ್ಲಿ ನಿಂತಿರುವ ಬೇರೆಯವರಿಗೆ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಅನುಮತಿ ಏಕೆ ಬೇಕಾಯಿತು ಎಂಬುದನ್ನು ಮೊದಲು ಹೇಳಬೇಕು. ಕಟ್ಟಡಗಳನ್ನು ಬಳಕೆಗೆ ತಕ್ಕಂತೆ ವಿಂಗಡಿಸುವ 1987ರ ಬಳಕೆ ವರ್ಗಗಳ ಆದೇಶಕ್ಕೆ ಆದ ತಿದ್ದುಪಡಿಯಿಂದ, 2020ರ ಸೆಪ್ಟೆಂಬರ್ 1ರಿಂದ ಇಂಗ್ಲೆಂಡಿನಲ್ಲಿ ಅಂಗಡಿ, ಕಚೇರಿ, ಬ್ಯಾಂಕು, ರೆಸ್ಟೋರೆಂಟುಗಳೆಲ್ಲ ‘ಕ್ಲಾಸ್ ಇ’ ಎಂಬ ಒಂದೇ ವರ್ಗದೊಳಗೆ ಬಂದವು. ಒಂದೇ ವರ್ಗದೊಳಗಿನ ಬದಲಾವಣೆಗೆ ಬಳಕೆಯ ಮಟ್ಟಿಗೆ ಅನುಮತಿ ಬೇಡ. ನನ್ನ ಪಕ್ಕದ ಪುಸ್ತಕದಂಗಡಿಯವರು ಮನಸ್ಸು ಮಾಡಿದ್ದರೆ ಮರುದಿನವೇ ಅದನ್ನು ರೆಸ್ಟೋರೆಂಟ್ ಮಾಡಬಹುದಿತ್ತು. ಹೊರಗೋಡೆಗೆ ಹೊಗೆಕೊಳವೆ ಹಾಕುವುದಾದರೆ ಅದಕ್ಕಷ್ಟೇ ಅನುಮತಿ ಕೇಳಬೇಕಿತ್ತು. ಆದರೆ ಲಾಂಡ್ರೆಟ್ ಯಾವ ವರ್ಗಕ್ಕೂ ಸೇರದ ‘ಸೂಯಿ ಜೆನರಿಸ್’ ಪಟ್ಟಿಯಲ್ಲಿದೆ, ಆದ್ದರಿಂದ ಅಲ್ಲಿಂದ ರೆಸ್ಟೋರೆಂಟಿಗೆ ಹೋಗಬೇಕಾದರೆ ಪೂರ್ಣ ಅರ್ಜಿಯೇ ಆಗಬೇಕು. ಅರ್ಜಿ ಹಾಕುವಾಗ ಇದು ನನಗೆ ಬರೀ ತೊಡಕಾಗಿ ಕಂಡಿತ್ತು. ಮೇಲ್ಮನವಿಯ ಹೊತ್ತಿಗೆ ಇದೇ ನನ್ನ ವಾದಕ್ಕೆ ಆಧಾರವಾಯಿತು.

ನಿರಾಕರಣೆಗೆ ಎರಡು ಕಾರಣಗಳನ್ನು ಕೊಟ್ಟಿದ್ದರು. ಒಂದು, ಅಡುಗೆಮನೆಯ ವಾಸನೆ ಮತ್ತು ಫ್ಯಾನಿನ ಶಬ್ದದಿಂದ ಮೇಲಿನ ಎರಡು ಫ್ಲ್ಯಾಟುಗಳ ನಿವಾಸಿಗಳ ನೆಮ್ಮದಿಗೆ ಧಕ್ಕೆಯಾಗುವುದಿಲ್ಲ ಎಂದು ಅರ್ಜಿದಾರರು ತೋರಿಸಿಕೊಟ್ಟಿಲ್ಲ. ಎರಡು, ಗ್ರಾಹಕರ ವಾಹನಗಳಿಂದ ಅಕ್ಕಪಕ್ಕದ ಬೀದಿಗಳಲ್ಲಿ ಪಾರ್ಕಿಂಗ್ ಒತ್ತಡ ಹೆಚ್ಚಿ ರಸ್ತೆ ಸುರಕ್ಷತೆಗೆ ತೊಂದರೆಯಾಗುತ್ತದೆ. ಓದಿದ ರಾತ್ರಿ ನನಗೆ ಕಂಡದ್ದು ‘ಆಗುವುದಿಲ್ಲ’ ಎಂಬ ಒಂದೇ ಮಾತು. ವಾರ ಕಳೆದು ಶಾಂತವಾಗಿ ಓದಿದಾಗ ಆ ಎರಡು ವಾಕ್ಯಗಳು ಒಂದೇ ಜಾತಿಯವಲ್ಲ ಎಂಬುದು ಹೊಳೆಯಿತು. ಮೊದಲನೆಯದು ತೊಂದರೆಯಾಗುತ್ತದೆ ಎಂದು ಎಲ್ಲಿಯೂ ಹೇಳುವುದಿಲ್ಲ, ಆಗುವುದಿಲ್ಲವೆಂದು ನೀನು ತೋರಿಸಿಲ್ಲ ಎನ್ನುತ್ತದೆ. ಅಲ್ಲಿ ಕೊರತೆ ನನ್ನ ಕಡೆಯದು, ತುಂಬಿಕೊಡಬಹುದಾದದ್ದು. ಎರಡನೆಯದು ತೊಂದರೆಯಾಗುತ್ತದೆ ಎಂದೇ ಹೇಳುತ್ತದೆ. ಅದಕ್ಕೆ ಆಧಾರ ತೋರಿಸಬೇಕಾದವರು ಅವರು.

ಕೌನ್ಸಿಲ್‌ನ ವೆಬ್‌ಸೈಟಿನಲ್ಲಿ ನನ್ನ ಅರ್ಜಿಯ ಕಡತ ಸಾರ್ವಜನಿಕವಾಗಿಯೇ ಇತ್ತು. ಅಧಿಕಾರಿಯ ವರದಿಯ ಜೊತೆಗೆ, ಅವರು ಅಭಿಪ್ರಾಯ ಕೇಳಿದ್ದ ಇಲಾಖೆಗಳ ಉತ್ತರಗಳನ್ನೂ ಒಂದೊಂದಾಗಿ ಇಳಿಸಿಕೊಂಡು ಓದಿದೆ. ಇಲ್ಲಿನ ರಸ್ತೆಗಳನ್ನು ನೋಡಿಕೊಳ್ಳುವ ಹೆದ್ದಾರಿ ವಿಭಾಗದ ಉತ್ತರ ಮೂರೇ ಸಾಲಿನದು: ಆಕ್ಷೇಪಣೆ ಇಲ್ಲ. ಪರಿಸರ ಆರೋಗ್ಯ ವಿಭಾಗದವರು ಹೊಗೆಕೊಳವೆಯ ತಾಂತ್ರಿಕ ವಿವರ ಸಾಲದು ಎಂದಿದ್ದರು, ಜೊತೆಗೆ ವಿವರಗಳನ್ನು ಅನುಮತಿಗೆ ಹಾಕುವ ಷರತ್ತಿನ ಮೂಲಕ ಪಡೆಯಬಹುದೇ ಎಂದು ಯೋಜನಾಧಿಕಾರಿ ಪರಿಶೀಲಿಸಲಿ ಎಂದೂ ಬರೆದಿದ್ದರು. ಆ ಪರಿಶೀಲನೆ ವರದಿಯಲ್ಲಿ ಎಲ್ಲಿಯೂ ನಡೆದಿರಲಿಲ್ಲ. ನಿರಾಕರಣೆಯಾದ ಯಾರೇ ಆಗಲಿ, ವಕೀಲರನ್ನೋ ಸಲಹೆಗಾರರನ್ನೋ ಹುಡುಕುವ ಮೊದಲು ಈ ಕಡತವನ್ನು ಪೂರ್ತಿ ಓದಬೇಕೆಂದು ನಾನು ಒತ್ತಿ ಹೇಳುತ್ತೇನೆ. ನನ್ನ ಪ್ರಕರಣದ ಅರ್ಧ ಭಾಗ ಆ ಮೂರು ಸಾಲುಗಳಲ್ಲೇ ಇತ್ತು.

ಮುಂದೆ ಎರಡು ದಾರಿಗಳಿದ್ದವು. ಆಗ ಹನ್ನೆರಡು ತಿಂಗಳೊಳಗೆ ಅದೇ ರೀತಿಯ ಅರ್ಜಿಯನ್ನು ಶುಲ್ಕವಿಲ್ಲದೆ ಮತ್ತೊಮ್ಮೆ ಹಾಕಬಹುದಿತ್ತು. 2023ರ ಡಿಸೆಂಬರ್ ನಂತರದ ಅರ್ಜಿಗಳಿಗೆ ಆ ಸೌಲಭ್ಯ ಇಲ್ಲ. ಇನ್ನೊಂದು ದಾರಿ 1990ರ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 78ನೆಯ ಸೆಕ್ಷನ್‌ನಡಿ ಮೇಲ್ಮನವಿ. ಅದಕ್ಕೆ ಶುಲ್ಕವಿಲ್ಲ, ನಿರಾಕರಣೆಯ ದಿನದಿಂದ ಆರು ತಿಂಗಳ ಅವಕಾಶವಿದೆ. ವಾಸನೆ ಮತ್ತು ಶಬ್ದದ ವರದಿ ಜೋಡಿಸಿ ಹೊಸ ಅರ್ಜಿ ಹಾಕಿದರೆ ಹೇಗೆಂದು ಯೋಜನಾಧಿಕಾರಿಯನ್ನು ಫೋನಿನಲ್ಲಿ ಕೇಳಿದೆ. ಪಾರ್ಕಿಂಗಿನ ಆಕ್ಷೇಪಣೆ ಹಾಗೆಯೇ ಉಳಿಯುತ್ತದೆ ಎಂದರು. ಕಟ್ಟಡದ ಸುತ್ತ ನನಗೆ ಒಂದಡಿ ಜಾಗವೂ ಇಲ್ಲದಿರುವಾಗ ಆ ಆಕ್ಷೇಪಣೆಯನ್ನು ನಕ್ಷೆ ತಿದ್ದಿ ನಿವಾರಿಸುವಂತಿರಲಿಲ್ಲ. ಹೀಗಾಗಿ ಮೇಲ್ಮನವಿಯೇ ಗಟ್ಟಿಯಾಯಿತು. ಗುತ್ತಿಗೆಯನ್ನು ‘ಅನುಮತಿ ಸಿಕ್ಕರೆ ಮಾತ್ರ’ ಎಂಬ ಕರಾರಿನೊಂದಿಗೆ ಬರೆಸಿಕೊಂಡಿದ್ದೆ. ಹಾಗೆ ಮಾಡದಿದ್ದರೆ ಖಾಲಿ ಕಟ್ಟಡಕ್ಕೆ ತಿಂಗಳ ಬಾಡಿಗೆ ಕಟ್ಟುತ್ತ ಈ ಹೋರಾಟ ನಡೆಸಲು ನನ್ನಿಂದ ಆಗುತ್ತಲೇ ಇರಲಿಲ್ಲ.

ಮೇಲ್ಮನವಿಯನ್ನು ನಿರ್ಧರಿಸುವುದು ಕೌನ್ಸಿಲ್‌ಗೆ ಸಂಬಂಧವಿಲ್ಲದ, ಬ್ರಿಸ್ಟಲ್‌ನಲ್ಲಿ ಮುಖ್ಯ ಕಚೇರಿಯಿರುವ ಪ್ಲಾನಿಂಗ್ ಇನ್ಸ್‌ಪೆಕ್ಟರೇಟ್ ನೇಮಿಸುವ ಇನ್ಸ್‌ಪೆಕ್ಟರ್. ಅವರು ಅಧಿಕಾರಿ ತಪ್ಪು ಮಾಡಿದರೇ ಎಂದು ತೂಗುತ್ತಾ ಕೂರುವುದಿಲ್ಲ, ಇಡೀ ಅರ್ಜಿಯನ್ನು ಹೊಸದಾಗಿ ನೋಡುತ್ತಾರೆ. ಲಿಖಿತ ಹೇಳಿಕೆ, ಹಿಯರಿಂಗ್, ಸಾರ್ವಜನಿಕ ವಿಚಾರಣೆ ಎಂಬ ಮೂರು ವಿಧಾನಗಳಲ್ಲಿ ನನ್ನಂಥ ಪ್ರಕರಣಗಳಿಗೆ ಲಿಖಿತ ಹೇಳಿಕೆಯೇ ರೂಢಿ. ಅದರಲ್ಲಿ ನಮ್ಮ ಪೂರ್ಣ ವಾದ ಮೇಲ್ಮನವಿಯ ಜೊತೆಗೇ ಹೋಗಬೇಕು. ಪ್ರಕರಣ ಆರಂಭವಾದ ಪತ್ರ ಬಂದ ಮೇಲೆ ಕೌನ್ಸಿಲ್ ಒಂದು ವಾರದೊಳಗೆ ಪ್ರಶ್ನಾವಳಿ ತುಂಬುತ್ತದೆ, ಐದು ವಾರದೊಳಗೆ ಕೌನ್ಸಿಲ್ ಮತ್ತು ನೆರೆಹೊರೆಯವರು ತಮ್ಮ ಮಾತು ಹೇಳುತ್ತಾರೆ, ಏಳನೆಯ ವಾರದ ಹೊತ್ತಿಗೆ ನಾವು ಅದಕ್ಕೆ ಕೊನೆಯ ಉತ್ತರ ಕೊಡಬಹುದು. ಇದು ನನ್ನ ಅರ್ಜಿಯ ಕಾಲದ ಕ್ರಮ. ಹೊಸ ಸಾಕ್ಷ್ಯ ಯಾವಾಗ ಕೊಡಬಹುದು ಎಂಬ ನಿಯಮಗಳು ಬದಲಾಗುತ್ತಿರುವುದರಿಂದ ನಿಮ್ಮ ಅರ್ಜಿಯ ದಿನಾಂಕಕ್ಕೆ ಅನ್ವಯಿಸುವ ಕ್ರಮವನ್ನು ನೋಡಿಕೊಳ್ಳಲೇಬೇಕು. ಏನೇ ಇರಲಿ, ಅರ್ಜಿಯ ಜೊತೆಗೇ ವರದಿಗಳನ್ನು ಕೊಟ್ಟುಬಿಡುವುದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ನಾನು ಎಡವಿದ್ದು ಅಲ್ಲಿಯೇ.

ನನ್ನ ಮೊದಲ ನಕ್ಷೆಯಲ್ಲಿ ಹೊಗೆಕೊಳವೆ ಹಿಂಗೋಡೆಯ ಮೇಲೆ ಸಾಗಿ ಮಾಡಿನ ನೆತ್ತಿಗಿಂತ ಒಂದು ಮೀಟರ್ ಎತ್ತರದಲ್ಲಿ ಕೊನೆಯಾಗುತ್ತಿತ್ತು. ಎತ್ತರ ಸರಿಯಾಗಿಯೇ ಇತ್ತು, ಆದರೆ ಗಾಳಿಯ ವೇಗ, ಫಿಲ್ಟರುಗಳು, ಫ್ಯಾನಿನ ಶಬ್ದ ಯಾವುದನ್ನೂ ಹೇಳಿರಲಿಲ್ಲ. ಮೇಲ್ಮನವಿಯಲ್ಲಿ ಯೋಜನೆಯನ್ನೇ ಬದಲಾಯಿಸುವಂತಿಲ್ಲ, ಬದಲಾಯಿಸಿದರೆ ನೆರೆಯವರು ನೋಡದ ಬೇರೊಂದು ಅರ್ಜಿ ಅದಾಗುತ್ತದೆ. ಆದ್ದರಿಂದ ಕೊಳವೆಯ ಜಾಗ, ಎತ್ತರಗಳನ್ನು ಮುಟ್ಟದೆ ಅದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನಷ್ಟೇ ವಿವರಿಸಲು ಒಬ್ಬ ವಾತಾಯನ ಎಂಜಿನಿಯರ್ ಮತ್ತು ಒಬ್ಬ ಶಬ್ದ ತಜ್ಞರನ್ನು ಹಿಡಿದೆ.

ವಾಣಿಜ್ಯ ಅಡುಗೆಮನೆಗಳ ವಾಸನೆಯನ್ನು ಅಳೆಯಲು ಇಲ್ಲಿ ಬಳಕೆಯಲ್ಲಿರುವ ಮಾರ್ಗದರ್ಶಿಯೊಂದರಲ್ಲಿ ಅಂಕಗಳ ಪಟ್ಟಿಯಿದೆ, ಅಂಕ ಹೆಚ್ಚಾದಷ್ಟೂ ವಾಸನೆಯ ತೊಂದರೆಯ ಭಯ ಹೆಚ್ಚು. ಎಂಜಿನಿಯರ್ ನನ್ನೆದುರಿಗೇ ಲೆಕ್ಕ ಹಾಕಿದರು. ಮಾಡಿನ ನೆತ್ತಿಯ ಮೇಲೆ ಒಂದು ಮೀಟರ್, ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಗಾಳಿ ಹೊರಬಿದ್ದರೆ ಚದುರುವಿಕೆ ಒಳ್ಳೆಯದು, 5 ಅಂಕ. ಮನೆಗಳು 20 ಮೀಟರಿಗಿಂತ ಹತ್ತಿರ, 10. ಆಸನಗಳು ಮೂವತ್ತರಿಂದ ನೂರರೊಳಗೆ, 3. ಭಾರತೀಯ ಅಡುಗೆ, ಅಂದರೆ ಒಗ್ಗರಣೆಯ ಎಣ್ಣೆ, ಮಸಾಲೆ, 7. ಒಟ್ಟು 25, ‘ಹೆಚ್ಚು’ ಎಂಬ ದರ್ಜೆ. ಅದೇ ಹೊಗೆಯನ್ನು ಗೋಡೆಯ ಕೆಳಭಾಗದಿಂದ ಹಿತ್ತಲಿಗೆ ಬಿಟ್ಟಿದ್ದರೆ ಚದುರುವಿಕೆಗೇ 20 ಬಿದ್ದು ಮೊತ್ತ 40 ಆಗುತ್ತಿತ್ತು, ದರ್ಜೆ ‘ಅತಿ ಹೆಚ್ಚು’ ಆಗುತ್ತಿತ್ತು. 25ಕ್ಕೆ ಬೇಕಾದದ್ದೇನು ಎಂಬುದನ್ನೂ ಅದೇ ಮಾರ್ಗದರ್ಶಿ ಹೇಳುತ್ತದೆ: ಜಿಡ್ಡನ್ನು ಹಿಡಿಯುವ ಸೂಕ್ಷ್ಮ ಫಿಲ್ಟರ್ ಅಥವಾ ಸ್ಥಾಯೀ ವಿದ್ಯುತ್ತಿನಿಂದ ಹೊಗೆಯ ಕಣಗಳನ್ನು ಸೆಳೆದು ಹಿಡಿಯುವ ಶೋಧಕ, ಅದರ ನಂತರ 0.2ರಿಂದ 0.4 ಸೆಕೆಂಡ್ ಗಾಳಿ ಒಳಗೆ ತಂಗಿ ಮುಂದೆ ಸಾಗುವಷ್ಟು ದಪ್ಪದ ಇದ್ದಿಲು ಫಿಲ್ಟರ್. ನಮ್ಮ ಅಡುಗೆಯ ವಾಸನೆ ಹೆಚ್ಚಲ್ಲ ಎಂದು ವಾದಿಸುವ ಆಸೆ ನನಗಿತ್ತು, ಎಂಜಿನಿಯರ್ ಒಪ್ಪಲಿಲ್ಲ. ಹೆಚ್ಚು ಎಂದು ಒಪ್ಪಿಕೊಂಡು ಅದನ್ನು ಹೇಗೆ ಕಟ್ಟಿಹಾಕುತ್ತೇವೆ ಎಂದು ತೋರಿಸುವುದೇ ನಂಬಿಕೆ ಹುಟ್ಟಿಸುತ್ತದೆ ಎಂದರು. ಅವರ ಮಾತು ಸರಿ ಎಂದು ನನಗೆ ಆಮೇಲೆ ಚೆನ್ನಾಗಿ ಮನವರಿಕೆಯಾಯಿತು.

ಶಬ್ದ ತಜ್ಞರು ಮೊದಲ ಮಹಡಿಯ ಕಿಟಕಿಯ ಮಟ್ಟದಲ್ಲಿ ಮೈಕ್ರೊಫೋನ್ ಕಟ್ಟಿ ಒಂದು ಶುಕ್ರವಾರದಿಂದ ಸೋಮವಾರದವರೆಗೆ ಬಿಟ್ಟರು. ಬ್ರಿಟಿಷ್ ಮಾನದಂಡ ಬಿಎಸ್ 4142ರ ಪ್ರಕಾರ ಮುಖ್ಯವಾದದ್ದು, ಆ ಜಾಗದ ಹಿನ್ನೆಲೆ ಶಬ್ದಕ್ಕೆ ಹೋಲಿಸಿದರೆ ಯಂತ್ರದ ಶಬ್ದ ಎಷ್ಟು ಎಂಬುದು; ಸುಮಾರು 5 ಡೆಸಿಬೆಲ್ ಹೆಚ್ಚಿದ್ದರೆ ತೊಂದರೆಯ ಸೂಚನೆ, 10 ಹೆಚ್ಚಿದ್ದರೆ ಗಣನೀಯ ತೊಂದರೆಯ ಸೂಚನೆ, ಆದರೆ ಸಂದರ್ಭವನ್ನೂ ನೋಡಬೇಕು. ರಾತ್ರಿ ಒಂಬತ್ತರಿಂದ ಹನ್ನೊಂದರ ನಡುವೆ ನಮ್ಮ ಹಿತ್ತಲಿನ ಹಿನ್ನೆಲೆ ಶಬ್ದ 36 ಡೆಸಿಬೆಲ್. ಸೈಲೆನ್ಸರ್ ಮತ್ತು ಕಂಪನ ತಡೆಯುವ ರಬ್ಬರ್ ಆಸರೆಗಳೊಂದಿಗೆ ಫ್ಯಾನಿನ ಶಬ್ದ ಅದೇ ಕಿಟಕಿಯ ಬಳಿ 30 ಎಂದು ಲೆಕ್ಕ ಬಂತು.

ಪಾರ್ಕಿಂಗಿಗೆ ನಾನು ತಜ್ಞರನ್ನು ಹಿಡಿಯಲಿಲ್ಲ. ವಾರದ ನಡುವಿನ ಎರಡು ದಿನ ಮತ್ತು ಒಂದು ಶನಿವಾರ, ಸಂಜೆ ಆರೂವರೆಯಿಂದ ಒಂಬತ್ತೂವರೆಯವರೆಗೆ, 200 ಮೀಟರ್ ನಡಿಗೆಯೊಳಗಿನ ಬೀದಿಗಳಲ್ಲಿ ಅರ್ಧ ಗಂಟೆಗೊಮ್ಮೆ ಸುತ್ತಿ ಖಾಲಿ ಜಾಗಗಳನ್ನು ನಕ್ಷೆಯ ಮೇಲೆ ಗುರುತಿಸಿ, ಸಮಯ ಕಾಣುವಂತೆ ಫೋಟೊ ತೆಗೆದೆ. ಅತಿ ಕಡಿಮೆ ಇದ್ದ ಹೊತ್ತಿನಲ್ಲೂ ಹದಿನೇಳು ಖಾಲಿ ಜಾಗಗಳಿದ್ದವು. ಅದರ ಜೊತೆಗೆ ಹೆದ್ದಾರಿ ವಿಭಾಗದ ಮೂರು ಸಾಲಿನ ಉತ್ತರವನ್ನೂ, ರಾಷ್ಟ್ರೀಯ ಯೋಜನಾ ನೀತಿ ಚೌಕಟ್ಟಿನ 2021ರ ಆವೃತ್ತಿಯ 111ನೆಯ ಪರಿಚ್ಛೇದವನ್ನೂ ಇಟ್ಟೆ. ರಸ್ತೆ ಸುರಕ್ಷತೆಗೆ ಒಪ್ಪಲಾಗದಂಥ ಪರಿಣಾಮ ಅಥವಾ ರಸ್ತೆ ಜಾಲದ ಮೇಲೆ ತೀವ್ರ ಪರಿಣಾಮ ಇದ್ದರೆ ಮಾತ್ರ ಆ ಕಾರಣಕ್ಕೆ ನಿರಾಕರಿಸಬೇಕು ಎನ್ನುತ್ತದೆ ಅದು.

ವಾದದ ಹೇಳಿಕೆಯನ್ನು ಮೂರು ಬಾರಿ ಬರೆದೆ. ಮೊದಲ ಪ್ರತಿಯಲ್ಲಿ ನಾನು ಎಷ್ಟು ದುಡ್ಡು ಹಾಕಿದ್ದೇನೆ, ಎಂಟು ಜನರಿಗೆ ಕೆಲಸ ಸಿಗುತ್ತದೆ, ಕೌನ್ಸಿಲ್ ಹೇಗೆ ನಡೆದುಕೊಂಡಿತು ಎಂಬುದೇ ತುಂಬಿತ್ತು. ಕೊನೆಯ ಪ್ರತಿಯಲ್ಲಿ ನಿರಾಕರಣೆಯ ಎರಡು ವಾಕ್ಯಗಳನ್ನು ಹಾಗೆಯೇ ಎತ್ತಿ ಬರೆದು, ಒಂದೊಂದರ ಕೆಳಗೆ ಉತ್ತರ ಮತ್ತು ಪುರಾವೆ ಇಟ್ಟೆ. ಕೆಲಸದ ವಿಷಯ ಒಂದು ಪರಿಚ್ಛೇದಕ್ಕೆ ಇಳಿಯಿತು, ಕೌನ್ಸಿಲ್‌ನ ಮೇಲಿನ ದೂರು ಪೂರ್ತಿ ಹೋಯಿತು. 2004ರ ಯೋಜನೆ ಮತ್ತು ಕಡ್ಡಾಯ ಖರೀದಿ ಕಾಯ್ದೆಯ 38(6)ನೆಯ ಸೆಕ್ಷನ್ ಪ್ರಕಾರ ಸ್ಥಳೀಯ ಅಭಿವೃದ್ಧಿ ಯೋಜನೆಯೇ ಮೊದಲ ಅಳತೆಗೋಲು, ಹಾಗಾಗಿ ನಿರಾಕರಣೆಯಲ್ಲಿ ಹೆಸರಿಸಿದ್ದ ಎರಡೂ ನೀತಿಗಳ ಪಠ್ಯಕ್ಕೆ ಹೊಂದಿಸಿಯೇ ಬರೆದೆ. ಇದಲ್ಲದೆ ಹಿಂದಿನ ಬಳಕೆಯ ವಾದವನ್ನೂ ಸೇರಿಸಿದೆ. ಲಾಂಡ್ರೆಟ್ ಬೆಳಿಗ್ಗೆ ಏಳರಿಂದ ರಾತ್ರಿ ಒಂಬತ್ತರವರೆಗೆ, ಭಾನುವಾರವೂ, ಯಾವ ಷರತ್ತೂ ಇಲ್ಲದೆ ನಡೆದಿತ್ತು. ಯಾರಾದರೂ ನಾಳೆ ಮತ್ತೆ ಶುರುಮಾಡಿದರೂ ತಡೆಯುವಂತಿಲ್ಲ. ಅದೇ ಕಟ್ಟಡದ ಪಕ್ಕದ ಅಂಗಡಿ ಬಳಕೆಯ ಅನುಮತಿಯಿಲ್ಲದೆ ರೆಸ್ಟೋರೆಂಟ್ ಆಗಬಹುದು. ನನ್ನ ಅರ್ಜಿಯಲ್ಲಾದರೋ ಸಮಯ, ಶಬ್ದ, ವಾಸನೆ ಮೂರಕ್ಕೂ ಕೌನ್ಸಿಲ್ ಕೈಯಲ್ಲಿ ಹಿಡಿತವಿರುತ್ತದೆ.

ನೆರೆಯವರ ಪತ್ರಗಳಲ್ಲಿ ಒಂದು ನನ್ನನ್ನು ಬಹಳ ಕಾಡಿತು. ಮೇಲಿನ ಫ್ಲ್ಯಾಟಿನವರೊಬ್ಬರು ರಾತ್ರಿ ಪಾಳಿಯಲ್ಲಿ ದುಡಿದು ಬೆಳಿಗ್ಗೆ ಮಲಗುವವರು. ಅಡುಗೆಮನೆ ಎಂಟು ಗಂಟೆಗೇ ಶುರುವಾದರೆ ತನ್ನ ನಿದ್ದೆಯ ಗತಿಯೇನು ಎಂದು ಕೇಳಿದ್ದರು. ಅದು ನ್ಯಾಯವಾದ ಪ್ರಶ್ನೆ. ಕೊನೆಯ ಉತ್ತರದಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಮೊದಲು ಫ್ಯಾನ್ ಚಾಲೂ ಮಾಡದಂತೆ ಷರತ್ತು ಹಾಕಬಹುದೆಂದು ನಾನೇ ಸೂಚಿಸಿದೆ. ಷರತ್ತು ಅಗತ್ಯವೂ ನಿಖರವೂ ಜಾರಿಗೊಳಿಸಬಲ್ಲದ್ದೂ ನ್ಯಾಯಸಮ್ಮತವೂ ಆಗಿರಬೇಕು, ಯೋಜನಾ ನಿಯಂತ್ರಣದ ವಿಷಯಕ್ಕೂ ಆ ಅಭಿವೃದ್ಧಿಗೂ ಸಂಬಂಧಿಸಿರಬೇಕು ಎಂಬ ಆರು ಪರೀಕ್ಷೆಗಳಿವೆ. ಅವುಗಳಲ್ಲಿ ನಿಲ್ಲುವಂತೆ ವಾಕ್ಯವನ್ನು ಬರೆದುಕೊಟ್ಟೆ.

ಸ್ಥಳ ಭೇಟಿಯ ದಿನ ಇನ್ಸ್‌ಪೆಕ್ಟರ್ ಒಬ್ಬರೇ ಬಂದರು. ಬಾಗಿಲು ತೆರೆಯಲಷ್ಟೇ ನಾನು ಇರಬೇಕು, ವಾದಿಸುವಂತಿಲ್ಲ ಎಂದು ಮೊದಲೇ ತಿಳಿಸಿದ್ದರು. ಹಿತ್ತಲಿನಲ್ಲಿ ಡ್ರೈಯರುಗಳ ನಾಲ್ಕು ಗಾಳಿಕಿಂಡಿಗಳು ಇನ್ನೂ ಇದ್ದವು, ಅವುಗಳ ಸುತ್ತ ಇಟ್ಟಿಗೆಯ ಮೇಲೆ ಬಟ್ಟೆಯ ನೂಲಿನ ಬೂದು ದೂಳು ಹೆಪ್ಪುಗಟ್ಟಿತ್ತು. ಆ ಕಿಂಡಿಗಳಿಂದ ನೇರ ಮೇಲೆ, ಎರಡೂವರೆ ಮೀಟರ್ ಅಂತರದಲ್ಲಿ, ಫ್ಲ್ಯಾಟಿನ ಕಿಟಕಿ. ಅವರು ಸ್ವಲ್ಪ ಹೊತ್ತು ಕಿಂಡಿಗಳನ್ನೂ ಕಿಟಕಿಯನ್ನೂ ನೋಡಿದರು, ಮಲಗುವ ಕೋಣೆ ಯಾವುದೆಂದು ಕೇಳಿದರು, ನಕ್ಷೆಯ ಮೇಲೆ ಏನೋ ಗುರುತು ಹಾಕಿಕೊಂಡು ಬೀದಿಯ ಕಡೆ ನಡೆದರು. ಒಟ್ಟು ಇಪ್ಪತ್ತು ನಿಮಿಷ.

ಐದು ವಾರಗಳ ನಂತರ ತೀರ್ಪು ಬಂತು. ಮೊದಲ ಸಾಲಿನಲ್ಲೇ ಮೇಲ್ಮನವಿಯನ್ನು ಪುರಸ್ಕರಿಸಿ ಅನುಮತಿ ನೀಡಲಾಗಿದೆ ಎಂದಿತ್ತು. ಪಾರ್ಕಿಂಗಿನ ವಿಷಯ ಎರಡು ಪರಿಚ್ಛೇದಗಳಲ್ಲಿ ಮುಗಿದಿತ್ತು. ವಾಸನೆ ಮತ್ತು ಶಬ್ದಕ್ಕೆ ಎರಡು ಪುಟ ಮೀಸಲಾಗಿದ್ದವು. ಹಾನಿಯನ್ನು ಷರತ್ತುಗಳಿಂದ ತಡೆಯಬಹುದು ಎಂಬುದೇ ಅಲ್ಲಿನ ನಿರ್ಣಯ. ಮೇಲ್ಮನವಿಯ ವೆಚ್ಚವನ್ನು ಕೌನ್ಸಿಲ್ ಭರಿಸಿಕೊಡಲಿ ಎಂಬ ಅರ್ಜಿಯನ್ನು ನಾನು ಹಾಕಿರಲಿಲ್ಲ. ಎರಡನೆಯ ಕಾರಣಕ್ಕೆ ಪುರಾವೆಯೇ ಇಲ್ಲದಿದ್ದುದರಿಂದ ಅಷ್ಟರ ಮಟ್ಟಿಗೆ ಹಾಕಬೇಕಿತ್ತು ಎಂದು ಈಗ ಅನ್ನಿಸುತ್ತದೆ, ಸಿಗುತ್ತಿತ್ತೋ ಇಲ್ಲವೋ.

ಅನುಮತಿ ಬಂದ ಮಾತ್ರಕ್ಕೆ ಬಾಗಿಲು ತೆರೆಯಲಾಗುವುದಿಲ್ಲ. ಮೂರು ವರ್ಷದೊಳಗೆ ಆರಂಭಿಸಬೇಕು, ಹೊಗೆಕೊಳವೆಯ ಅಂತಿಮ ವಿವರಗಳಿಗೆ ಕೌನ್ಸಿಲ್‌ನ ಲಿಖಿತ ಒಪ್ಪಿಗೆ ಪಡೆಯಬೇಕು, ಫ್ಯಾನ್ ಬೆಳಿಗ್ಗೆ ಹನ್ನೊಂದಕ್ಕೆ ಮೊದಲು ತಿರುಗಬಾರದು, ರಾತ್ರಿ ಹತ್ತೂವರೆಗೆ ಗ್ರಾಹಕರು ಹೊರಗಿರಬೇಕು, ಹೀಗೆ ಎಂಟು ಷರತ್ತುಗಳಿದ್ದವು. ಷರತ್ತಿನ ವಿವರಗಳಿಗೆ ಒಪ್ಪಿಗೆ ಕೇಳುವ ಅರ್ಜಿಗೆ ಬೇರೆ ಶುಲ್ಕ, ಆಗ 116 ಪೌಂಡ್. ಆಹಾರ ವ್ಯವಹಾರದ ನೋಂದಣಿ ತೆರೆಯುವುದಕ್ಕೆ 28 ದಿನ ಮೊದಲೇ ಆಗಬೇಕು. ಕಟ್ಟಡ ನಿಯಮಗಳ ಒಪ್ಪಿಗೆ ಇನ್ನೊಂದು ಬೇರೆಯೇ ದಾರಿ.

ಕೊಳವೆ ನಿಂತ ಮೇಲೆ ಶಬ್ದ ತಜ್ಞರನ್ನು ಮತ್ತೆ ಕರೆಸಿ, ಮೇಲಿನ ಫ್ಲ್ಯಾಟಿನವರ ಅನುಮತಿ ಪಡೆದು, ಅವರ ಮಲಗುವ ಕೋಣೆಯ ತೆರೆದ ಕಿಟಕಿಯ ಹೊರಗೆ ಅಳೆಸಿದೆ. ಫ್ಯಾನ್ ಪೂರ್ಣ ವೇಗದಲ್ಲಿದ್ದಾಗ 31 ಬಂತು, ಲೆಕ್ಕಕ್ಕಿಂತ ಒಂದು ಹೆಚ್ಚು, ಹಿನ್ನೆಲೆಗಿಂತ ಐದು ಕಡಿಮೆ. ಅವರು ಆ ಹಾಳೆಯ ಒಂದು ಪ್ರತಿಯನ್ನು ಕೇಳಿ ಇಟ್ಟುಕೊಂಡರು.